ಮಿಸಾಗೊನ ಪೆಟ್ಟಿಗೆ ಪಿಸುಗುಟ್ಟಿದ್ದು

ಬುರುಂಡಿಯ ಅಷ್ಟೂ ಗುಡ್ಡಗಳಲ್ಲಿ ದೆವ್ವದ ಜೊತೆ ಕುಸ್ತಿ ಹಿಡಿದು ಗೆದ್ದವನು ಅಂದರೆ ನಾನೊಬ್ಬನೇ.

ಸರಿ, ಸುಳ್ಳು. ಅದು ನನ್ನ ಹೆಂಡತಿಯ ಮೇಕೆ. ಗೆದ್ದದ್ದೂ ಅದೇ. ಆದರೆ ನನ್ನ ದೊಡ್ಡಪ್ಪನ ಮಗ ಬುಕುರುಗೆ ಆದದ್ದು ಮಾತ್ರ ನಿಜ. ಪಕ್ಕದಲ್ಲೇ ನಾನಿದ್ದೆ.

ಕಾಫಿ ಕೊಯ್ಲಿನ ಕಾಲ. ಹಣ್ಣು ತೊಳೆಯುವ ಕಡೆಯಿಂದ ಇಬ್ಬರೂ ಹೊತ್ತು ಮೀರಿ ಬರುತ್ತಿದ್ದೆವು. ತಿರುವಿನ ಆಲದಮರ ದಾಟುವಾಗಲೇ ಕೇಳಿಸಿತು... ಧಡ್. ಧಡ್. ಧಡ್. ಮಿಸಾಗೊನ ಹೆಂಡದಂಗಡಿಯ ಸ್ಪೀಕರು. ಬುಕುರುವಿನ ಮನೆಯ ಎದುರಿಗೇ. ಅದರ ಏಟಿಗೆ ತಗಡಿನ ಸೂರಿನ ಮೊಳೆಗಳು ಕಿರ್ರ್ ಅನ್ನುತ್ತಿದ್ದವು.

"ಅಮ್ಮ ನಿದ್ದೆ ಮಾಡಿ ಹನ್ನೊಂದು ದಿನ ಆಯ್ತು ಕಣೋ," ಎಂದ ಬುಕುರು, ಹಲ್ಲು ಕಚ್ಚಿ.

ದೊಡ್ಡಪ್ಪ ತೀರಿಕೊಂಡೂ ಹನ್ನೊಂದೇ ದಿನ. ಇದ್ದಾಗ ಅವನು ದಿನಾ ಸಂಜೆ ಇನಂಗ ತೊಡೆಯ ಮೇಲೆ ಇಟ್ಟುಕೊಂಡು ನುಡಿಸುತ್ತಿದ್ದ. ಮರದ ತೊಟ್ಟಿ, ಒಂದೇ ದಾರವನ್ನು ಎಂಟು ಸಲ ಎಳೆದು ಬಿಗಿದದ್ದು. ಅದಕ್ಕೆ ಗಂಟಲು ಬಿಟ್ಟು ಹಾಡುವಂತಿಲ್ಲ, ಪಿಸುಗುಟ್ಟಬೇಕು. ದಿನದ ದಣಿವೆಲ್ಲ ಆ ಪಿಸುದನಿಯಲ್ಲಿ ಇಳಿದುಹೋಗುತ್ತಿತ್ತು. ದೊಡ್ಡಮ್ಮ ನಲವತ್ತು ವರ್ಷ ನಿದ್ದೆ ಹೋದದ್ದು ಅದನ್ನು ಕೇಳಿಕೊಂಡೇ.

ಬುಕುರು ಅಂಗಡಿಯ ಬಾಗಿಲಲ್ಲಿ ನಿಂತ. "ಮಿಸಾಗೊ, ಎದುರಿಗೆ ಸಾವಿನ ಮನೆ ಇದೆ. ಸ್ವಲ್ಪ ಸಣ್ಣಗೆ ಮಾಡು."

ಮಿಸಾಗೊ ಬಾಳೆಹೆಂಡ ಹೀರುವ ಕೊಳವೆಯನ್ನು ಬಾಯಿಂದ ತೆಗೆಯದೆ ನಕ್ಕ. "ಯಾಕೋ, ನಿಮ್ಮಪ್ಪನಿಗೆ ಗುಂಡಿಯಲ್ಲಿ ನಿದ್ದೆ ಬರ್ತಿಲ್ವಾ? ಅವನೇ ಬಂದು ಹೇಳಲಿ, ಸಣ್ಣಗೆ ಮಾಡ್ತೀನಿ."

ಅಂಗಡಿ ತುಂಬ ನಗು. ಬುಕುರು ತಿರುಗಿ ನೇರ ಮನೆಗೆ ನಡೆದ. ನನಗೆ ಹೆದರಿಕೆ ಆದದ್ದೇ ಅದಕ್ಕೆ.

ಮನೆಯಲ್ಲಿ ದೊಡ್ಡಮ್ಮ ಒಲೆಯ ಹತ್ತಿರ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಬುಕುರು ಚಾಪೆ ಸರಿಸಿ ಅಪ್ಪನ ಇನಂಗ ಹೊರಗೆ ತೆಗೆದ.

"ಬೇಡ ಮಗನೇ. ವರ್ಷದ ಸೂತಕ ಕಳೆಯೋ ತನಕ ಅದನ್ನ ಮುಟ್ಟಬಾರದು."

"ನೀನು ಮಲಗು, ಸಾಕು!"

ನುಡಿಸಿದ. ಆದರೆ ಕೋಪದಲ್ಲಿರುವವನಿಗೆ ಪಿಸುಗುಟ್ಟಲು ಬರುವುದಿಲ್ಲ ನೋಡಿ. ಎರಡನೇ ಸಾಲಿಗೇ ಅರಚಿಬಿಟ್ಟ. ಬೆರಳೂ ಅಷ್ಟೇ ಜೋರು. ಟಪ್... ದಾರ ಹರಿಯಿತು. ಒಂದೇ ದಾರ ತಾನೇ, ಎಂಟೂ ಸಡಿಲ. ದೊಡ್ಡಮ್ಮ ಮುಖ ಆ ಕಡೆ ತಿರುಗಿಸಿದಳು.

ಬುಕುರು ಮೂಲೆಯಲ್ಲಿದ್ದ ಮಚ್ಚು ತೆಗೆದುಕೊಂಡು ಹೊರಗೆ ನಡೆದ.

ಈ ಗುಡ್ಡಗಳಲ್ಲಿ ಮಚ್ಚು ಎತ್ತಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನನ್ನ ವಯಸ್ಸಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಓಡಿಹೋಗಿ ತೋಳು ಹಿಡಿದೆ.

"ಅಣ್ಣಾ, ಒಂದೇ ನಿಮಿಷ... ನಾನೊಂದು ಕಿತಾಪತಿ ಮಾಡ್ತೀನಿ. ಆಗದಿದ್ದರೆ ಆಮೇಲೆ ಕಡಿ."

"ಬೇಗ."

ಅಂಗಡಿಯ ಹಿಂದಕ್ಕೆ ತೆವಳಿದೆ. ಬ್ಯಾಟರಿಯಿಂದ ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಧಡ್ ನಿಂತಿತು. ದೀಪವೂ ಹೋಯಿತು. ಮಿಸಾಗೊ ನನ್ನ ಹೆಸರು ಹಿಡಿದೇ ಬೈಯತೊಡಗಿದ. ಈ ಊರಲ್ಲಿ ಕೋಳಿ ಕಳೆದರೂ ನನ್ನದೇ ಹೆಸರು, ಬಿಡಿ.

ಆಗ...

ಟುಂಯ್.

ಟುಂಯ್... ಟುಟುಂಯ್.

ಸ್ಪೀಕರಿನ ಒಳಗಿಂದ. ಜೇಬು ಮುಟ್ಟಿ ನೋಡಿಕೊಂಡೆ, ವೈರು ಅಲ್ಲೇ ಇತ್ತು. ಒಣಗಿದ ಬಾಳೆಎಲೆ ನೆಲ ಸವರಿದಂಥ ದನಿ.

"ಮಿಸಾಗೊ..."

ಗಿರಾಕಿಗಳು ಬಾಗಿಲ ಕಡೆ ಸರಿದರು.

"ಬಂದಿದ್ದೀನಿ."

ದೊಡ್ಡಪ್ಪ ಬದುಕಿದ್ದಾಗಲೂ ಕೋಪ ಬಂದರೆ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದ. ಅಷ್ಟು ಕೆಳಕ್ಕೆ ಇಳಿದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ನನ್ನ ಹೆಂಡತಿ ಮಲಗಬೇಕು... ಬುಕುರು, ಮಚ್ಚು ಕೆಳಗಿಡು."

ಠಣ್. ಮಚ್ಚು ಕಲ್ಲಿನ ಮೇಲೆ ಬಿತ್ತು. ಮಿಸಾಗೊ ಹೆಂಡದ ಮಡಕೆ ಎಡವಿಕೊಂಡು ಓಡಿದ. ಗಿರಾಕಿಗಳು ಅವನಿಗಿಂತ ಮುಂದೆ.

ನಾವು ಮನೆಗೆ ಬಂದಾಗ ದೊಡ್ಡಮ್ಮ ಕೂತಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಬುಕುರು ಅವಳ ಕಾಲ ಹತ್ತಿರ ಕೂತು ಅತ್ತ, ಶಬ್ದ ಮಾಡದೆ.

ಇದೂ ನಿನ್ನದೇ ಆಟ ಅಂತ ನಗಬೇಡಿ. ನನ್ನ ಆಟ ವೈರಿನ ತನಕ ಮಾತ್ರ. ಬೆಳಿಗ್ಗೆ ಮಿಸಾಗೊ ಸ್ಪೀಕರು ಸಾಗಿಸಲು ಬಂದ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಒಬ್ಬನೇ ತಂದಿದ್ದ ಪೆಟ್ಟಿಗೆ ಅದು. ನಾಲ್ಕು ಗಂಡಸರು ಹಿಡಿದರೂ ಅಲ್ಲಾಡಲಿಲ್ಲ. ಹಿಂದಿನ ಹಲಗೆ ಬಿಚ್ಚಿ ನೋಡಿದರು. ಒಳಗೆ ಇರಬೇಕಾದದ್ದು ಬಿಟ್ಟು ಬೇರೇನೂ ಇಲ್ಲ. ಅಂಗಡಿ ಮುಚ್ಚಿತು, ಪೆಟ್ಟಿಗೆ ಅಲ್ಲೇ ಉಳಿಯಿತು. ದೊಡ್ಡಮ್ಮ ಈಗ ಆ ಕಡೆಗೇ ತಲೆ ಹಾಕಿ ಮಲಗುತ್ತಾಳೆ. ದೀಪ ಆರಿಸುವ ಮೊದಲೇ ನಿದ್ದೆ. ನನಗಂತೂ ಏನೂ ಕೇಳಿಸುವುದಿಲ್ಲ.

ನಡೆದದ್ದೇ ಹೇಳಿದೆ, ಒಂದಕ್ಷರ ಸೇರಿಸಿಲ್ಲ. ಹೇಳಿ ಹೇಳಿ ಗಂಟಲು ಒಣಗಿತು... ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ, ಆಯ್ತಾ?