ಬಾಗಿಲ ಹಿಂದಿನ ಅಜ್ಜಿ

ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದ ಸುಮಿತ್ರಳಿಗೆ, ಬೇರೆಯವರ ಮಾತಿಗೆ ಕಿವಿಗೊಡುವುದು ತಪ್ಪೆಂದು ಗೊತ್ತಿತ್ತು. ಆದರೆ ಪಕ್ಕದಲ್ಲಿ ಮಗು ಎತ್ತಿಕೊಂಡು ಕೂತಿದ್ದವಳು ಗಂಡನಿಗೆ ಹೇಳಿದ್ದು ಕೇಳಿಯೇ ಬಿಟ್ಟಿತು.

"ಫೋನಲ್ಲಿ ಶೂಟಿಂಗ್ ಆಟ ಆಡ್ತಾ, ನಮ್ಮ ಟೀಮಿನವರಿಗೆ 'ಅಜ್ಜಿ ಬಾಗಿಲ ಹಿಂದೆ ಅಡಗಿದಾಳೆ, ಹೊಡೀರಿ!' ಅಂತ ಕೂಗಿದೆ. ಅಷ್ಟೇ ರೀ. ಅತ್ತೆ ನಿಜವಾಗ್ಲೂ ಬಾಗಿಲ ಹಿಂದೇನೇ ನಿಂತಿದ್ರು."

"ಸೊಸೆ ನನ್ನ ಕೊಲ್ಲಿಸ್ತಾಳೆ ಅಂತ ಅಮ್ಮ ಮಾದಿಹಳ್ಳಿಗೆ, ಅಕ್ಕನ ಮನೆಗೆ ಹೋಗಿ ಕೂತಿದಾರೆ. ಕಾಲಿಗೆ ಬೀಳು. ಇನ್ಮೇಲೆ ಆಡಲ್ಲ ಅನ್ನು."

"ಪಾಪು ಮಲಗಿದಾಗ ಸಿಗೋದೇ ಅರ್ಧ ಗಂಟೆ. ಅದನ್ನೂ ಬಿಡ್ಲಾ?"

"ಅಮ್ಮ ವಾಪಸ್ ಬರೋದು ಬೇಡ್ವಾ?"

"ಬರ್ಲಿ. ಆಟದಲ್ಲಿದ್ದ ಆ ಅಜ್ಜಿ ಯಾರು ಅಂತ ಅವರಿಗೆ ನೀವೇ ಹೇಳಿ."

ಗಂಡ ಸುತ್ತ ನೋಡಿದ. ಸುಮಿತ್ರ ಗಾಬರಿಯಿಂದ ಚೀಲದಲ್ಲಿ ಏನೋ ಹುಡುಕಿದಳು.

"ಮೆಲ್ಲಗೆ ಮಾತಾಡೇ."

"ಅಂಗಡೀಲಿ ಕೆಲಸ ಜಾಸ್ತಿ ಅಂತ ಹೇಳಿ, ಅಜ್ಜಿ ಅಂತ ಹೆಸರಿಟ್ಕೊಂಡು ನನ್ನ ಎದುರು ಆಡ್ತಿದ್ದೋರು ಯಾರು?"

"ನಾನೂ ಆಡ್ತೀನಿ ಅಂತ ಗೊತ್ತಾದ್ರೆ ಅಮ್ಮ ನನ್ನ ಮುಖ ನೋಡಲ್ಲ ಕಣೇ."

"ನನ್ನ ಮುಖ ನೋಡದಿದ್ರೆ ಪರವಾಗಿಲ್ವಾ?"

ಅಷ್ಟರಲ್ಲಿ ಅವರ ಬಸ್ಸು ಬಂತು. ಅವಳು ಮಗುವನ್ನು ಅವನ ಕೈಗಿಟ್ಟಳು.

"ಪಾಪೂನ ನೋಡಿದ್ರೆ ಅತ್ತೆ ಬಾಗಿಲು ತೆಗೀತಾರೆ. ಆಗ ಹೇಳಿ, ಅಜ್ಜಿ ನಾನೇ ಅಂತ."

"ಹೇಳ್ದಿದ್ರೆ?"

"ನಾನು ಮಾದಿಹಳ್ಳೀಲಿ ಇಳಿಯಲ್ಲ. ಹಳೇಬೀಡಿಗೆ, ನಮ್ಮಮ್ಮನ ಮನೆಗೆ."

ಬಾಗಿಲಲ್ಲಿ ಕಂಡಕ್ಟರ್ ಕೇಳಿದ, "ಎಲ್ಲಿಗಮ್ಮ?"

"ಅವರನ್ನೇ ಕೇಳಿ."

ಅವನು ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ಎರಡೂ ಮಾದಿಹಳ್ಳಿಗೇ ಕೊಡಿ. ಹೇಳ್ತೀನಿ."

"ನನಗೇನು ಹೇಳ್ತೀರ ಸಾರ್, ಮೊದಲು ಹತ್ತಿ," ಎಂದ ಕಂಡಕ್ಟರ್.