ಬೆನ್ನಿಗೆ ಹೇಳಿದ ಮಾತು

ಸತ್ಸಂಗ, ಸತ್ಸಂಗ ಎಂದು ಹೊರಗೆ ಅಷ್ಟು ದೊಡ್ಡ ಬ್ಯಾನರು ಕಟ್ಟಿದ್ದೀರಿ. ಅದರಲ್ಲಿ ದೇವರ ಫೋಟೋಗಿಂತ ನನ್ನ ಫೋಟೋ ದೊಡ್ಡದಾಗಿದೆ. ಇರಲಿ, ದೇವರು ಇಂಥದ್ದಕ್ಕೆಲ್ಲ ಮುನಿಸಿಕೊಳ್ಳುವುದಿಲ್ಲ, ಮುನಿಸಿಕೊಳ್ಳುವವರು ಸಮಿತಿಯವರು. ನನ್ನ ಪ್ರಶ್ನೆ ಬೇರೆ. ಸಂಗ ಎಂದರೇನು? ಜೊತೆ. ಸರಿ, ಜೊತೆ ಎಂದರೇನು? ಒಂದೇ ಮನೆಯಲ್ಲಿ ಇರುವುದೇ? ಒಂದೇ ಮನೆಯಲ್ಲಿ ಹಲ್ಲಿಯೂ ಇರುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗುವುದೇ? ತಿಗಣೆಯೂ ಮಲಗುತ್ತದೆ. ನಗಿ, ನಗಿ, ನಕ್ಕ ಮೇಲೆ ಕೇಳಿ.

ಊರು ಯಾವುದೆಂದು ಮಾತ್ರ ಕೇಳಬೇಡಿ, ಆ ಊರಿನವರು ಇಲ್ಲೇ ಕೂತಿರಬಹುದು. ಅಲ್ಲೊಬ್ಬ ಶ್ರೀಮಂತನಿದ್ದ. ಹೆಸರು ವೃಷಭೇಂದ್ರಪ್ಪ. ಟೈಲ್ಸು, ನಲ್ಲಿ, ಕಮೋಡು ಮಾರುವ ದೊಡ್ಡ ಅಂಗಡಿ. ಆ ಊರಿನ ಅರ್ಧ ಜನ ಬೆಳಗ್ಗೆ ಎದ್ದು ಮೊದಲು ಕೂರುವುದೇ ಅವನ ಅಂಗಡಿಯ ಮಾಲಿನ ಮೇಲೆ. ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಸೇದುವುದಿಲ್ಲ, ಸುಳ್ಳು ಹೇಳಿದರೂ ಅಂಗಡಿಯ ಒಳಗೆ ಮಾತ್ರ. ಒಂದೇ ಚಟ ಅವನಿಗೆ. ಏನು ಚಟ? ಮುಂದೆ ಹೋಗುವುದು.

ನೋಡಿ, ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಅವನದು. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ಅವನು. ದೇವಸ್ಥಾನದಲ್ಲಿ ಪಕ್ಕದ ಬಾಗಿಲು ಎಲ್ಲಿದೆ ಎಂದು ಅವನಿಗೆ ಗೊತ್ತು, ಎಷ್ಟೋ ಕಡೆ ಆ ದೇವರಿಗೇ ಗೊತ್ತಿರಲಿಲ್ಲ. ರಸ್ತೆಯಲ್ಲಿ ನಡೆದರೆ ಅವನು ಮುಂದೆ, ಹೆಂಡತಿ ಸರ್ವಮಂಗಳಮ್ಮ ಹಿಂದೆ. ಅವನು ತಿರುವು ದಾಟಿದ ಮೇಲೆ ಆಕೆ ತಿರುವಿಗೆ ಬರುವುದು. ಆಕೆ ಏನಾದರೂ ಹೇಳಬೇಕೆಂದರೆ ಕೂಗಿ ಹೇಳಬೇಕು. ಅವನು ಹಿಂತಿರುಗದೆ “ಹ್ಞೂಂ” ಅನ್ನುತ್ತಾನೆ. ಮದುವೆಯಾದ ಲಾಗಾಯ್ತು ಆಕೆ ಸಂಸಾರ ಮಾಡಿದ್ದು ಅವನ ಬೆನ್ನಿನ ಜೊತೆ. ಯಾಕೆ ತಲೆ ತಗ್ಗಿಸುತ್ತೀರಿ? ನಾನು ವೃಷಭೇಂದ್ರಪ್ಪನ ಕಥೆ ಹೇಳುತ್ತಿದ್ದೇನೆ, ನಿಮ್ಮದಲ್ಲ.

ಒಂದು ದಿನ ಸರ್ವಮಂಗಳಮ್ಮ ಫೋನಿನಲ್ಲಿ ಒಂದು ಜಾಹೀರಾತು ನೋಡಿದಳು. ನಗರದಿಂದ ಒಂದು ಗಂಟೆ ದೂರದಲ್ಲಿ ಗವಿಮಲ್ಲಪ್ಪನ ಬೆಟ್ಟ. ಭಾನುವಾರ ಬೆಳಗ್ಗೆ ಸುಲಭ ಚಾರಣ. ಜೊತೆಯಲ್ಲಿ ಗೈಡು, ನಡುವೆ ವಿಶ್ರಾಂತಿ, ಮೇಲೆ ದೇವರ ದರ್ಶನ, ಕೆಳಗಿಳಿದರೆ ಇಡ್ಲಿ ವಡೆ. ಚಿಕ್ಕವರಿಂದ ಮುದುಕರವರೆಗೆ ಯಾರು ಬೇಕಾದರೂ ಬರಬಹುದು ಎಂದು ಬರೆದಿತ್ತು. ಆಕೆ ಇಬ್ಬರ ಹೆಸರನ್ನೂ ಕೊಟ್ಟಳು.

“ಬೆಟ್ಟ ಹತ್ತೋಕೆ ಗೈಡ್ ಯಾಕೆ? ಬೆಟ್ಟ ಕಾಣಲ್ವಾ ನಮಗೆ?” ಎಂದ ವೃಷಭೇಂದ್ರಪ್ಪ.

“ಒಂದ್ಸಲ ಬನ್ನಿ ಅಂದ್ರೆ,” ಎಂದಳು ಆಕೆ. ದೇವಸ್ಥಾನವೂ ಇದೆ ಎಂದ ಮೇಲೆ ಒಪ್ಪಿಕೊಂಡ.

ಭಾನುವಾರ ವ್ಯಾನು ಬೆಟ್ಟದ ಬುಡಕ್ಕೆ ಬಂದು ನಿಂತಿತು. ಗೈಡಿನ ಹೆಸರು ಲೋಹಿತ್. ತಲೆಗೆ ಟೋಪಿ, ಕೊರಳಲ್ಲಿ ಸೀಟಿ, ಬಾಯಿ ತುಂಬ ಮಾತು. “ಈ ಗುಹೆಯಲ್ಲಿ ಪಾಂಡವರು ತಂಗಿದ್ರು,” ಎಂದು ಶುರು ಮಾಡಿದ. ಸ್ವಾಮಿ, ನಮ್ಮ ನಾಡಿನಲ್ಲಿ ಪಾಂಡವರು ತಂಗದ ಗುಹೆ ಒಂದನ್ನಾದರೂ ತೋರಿಸಿ ನೋಡೋಣ! ಪಾಪ, ಆ ಐದು ಜನ ವನವಾಸ ಮಾಡಿದರೋ ಗುಹೆಗಳ ತಪಾಸಣೆ ಮಾಡಿದರೋ. ಅದು ಹಾಗಿರಲಿ. ಲೋಹಿತ್ ಕೊನೆಗೆ ಒಂದು ನಿಯಮ ಹೇಳಿದ.

“ಎಲ್ರೂ ಒಟ್ಟಿಗೆ ಹೋಗೋಣ. ನಮ್ಮಲ್ಲಿ ಯಾರು ನಿಧಾನವೋ ಅವರ ನಡಿಗೆನೇ ಎಲ್ರ ನಡಿಗೆ. ನನ್ನ ದಾಟಿ ಯಾರೂ ಮುಂದೆ ಹೋಗ್ಬೇಡಿ.”

ಈ ಮಾತು ಕೇಳಿ ಸರ್ವಮಂಗಳಮ್ಮನ ಮುಖ ಅರಳಿತು. ವೃಷಭೇಂದ್ರಪ್ಪನ ಮುಖ ಹುಳ್ಳಗಾಯಿತು.

ಮೊದಲ ತಿರುವಿನ ತನಕ ತಡೆದುಕೊಂಡ. ಲೋಹಿತ್ ಯಾರಿಗೋ ಪಾಂಡವರ ಮಿಕ್ಕ ಸಮಾಚಾರ ಹೇಳುತ್ತಿದ್ದಾಗ ಇವನು ಪಕ್ಕದಿಂದ ನುಸುಳಿಬಿಟ್ಟ. “ಸಾರ್, ಸಾರ್!” ಎಂದು ಕೂಗಿ ಸೀಟಿ ಊದಿದ್ದು ಕೇಳಿಸಿತು. ಅದಾದ ಮೇಲೆ “ರೀ...” ಎಂದದ್ದೂ ಕೇಳಿಸಿತು. ಇವನು “ಹ್ಞೂಂ” ಎಂದ. ಹಿಂತಿರುಗಲಿಲ್ಲ.

ಎಲ್ಲರಿಗಿಂತ ಮೊದಲು ತುದಿ ತಲುಪಿದ. ಪುಟ್ಟ ದೇವಸ್ಥಾನ. ಅರ್ಚಕರು ಶಿವಲಿಂಗಯ್ಯ ಆಗ ತಾನೇ ಅಭಿಷೇಕ ಮುಗಿಸಿ ಅಲಂಕಾರ ಮಾಡುತ್ತಿದ್ದರು. ಇವನು ಹೊಸ್ತಿಲಿಗೆ ಮೂಗು ತಾಗುವ ಹಾಗೆ ನಿಂತ. ಹಿಂದೆ ಯಾರೂ ಇಲ್ಲ, ನೂಕುವವರಿಲ್ಲ, ಆದರೂ ಎರಡು ಮೊಣಕೈ ಅಗಲಿಸಿಯೇ ನಿಂತಿದ್ದ, ಅಭ್ಯಾಸ ನೋಡಿ!

“ಮನೆಯವರ ನಕ್ಷತ್ರ?” ಎಂದು ಅರ್ಚಕರು ಕೇಳಿದರು.

ಇವನಿಗೆ ಗೊತ್ತಿಲ್ಲ. ಯಾವ ಕಂಪನಿಯ ನಲ್ಲಿ ಯಾವ ವರ್ಷ ಸೋರಿತು ಎಂದು ಹೇಳಬಲ್ಲ. ಹೆಂಡತಿಯ ನಕ್ಷತ್ರ ಗೊತ್ತಿಲ್ಲ. “ಅವಳೇ ಬರ್ತಾಳೆ, ಕೇಳಿ,” ಎಂದ.

ಗುಂಪಿನವರು ಒಬ್ಬೊಬ್ಬರಾಗಿ ಬಂದರು. ಸರ್ವಮಂಗಳಮ್ಮ ಬರಲಿಲ್ಲ. “ಆಂಟಿ ಮಂಟಪದ ಹತ್ರ ಕೂತ್ಕೊಂಡ್ರು ಅಂಕಲ್. ಗೈಡ್ ಜೊತೆಗಿದ್ದಾರೆ,” ಎಂದಿತು ಒಂದು ಹುಡುಗಿ. ಬೆಟ್ಟದ ನಡುವೆ ಒಂದು ಹಳೆಯ ಮಂಟಪ, ಅಲ್ಲೊಂದು ಮಜ್ಜಿಗೆ ಅಂಗಡಿ.

“ಅವಳು ಹಂಗೇ, ಎಲ್ಲೋದ್ರೂ ಕೂತ್ಬಿಡ್ತಾಳೆ,” ಎಂದು ನಕ್ಕ ವೃಷಭೇಂದ್ರಪ್ಪ.

ಅರ್ಚಕರು ಕರ್ಪೂರ ಹಚ್ಚಿದರು, ಗಂಟೆ ಬಾರಿಸತೊಡಗಿದರು. ಅಷ್ಟರಲ್ಲಿ ಲೋಹಿತ್ ಓಡಿಬಂದ. ಟೋಪಿ ಇಲ್ಲ, ಬಾಯಲ್ಲಿ ಪಾಂಡವರೂ ಇಲ್ಲ.

“ಸಾರ್, ಬೇಗ ಬನ್ನಿ. ಮೇಡಂಗೆ ಉಸಿರು ಸಿಗ್ತಿಲ್ಲ. ತುಂಬಾ ಬೆವರ್ತಿದ್ದಾರೆ. ಆಂಬುಲೆನ್ಸ್‌ಗೆ ಫೋನ್ ಮಾಡಿದೀನಿ.”

ಈಗ ಕೇಳಿ. ಕಿವಿಗೊಟ್ಟು ಕೇಳಿ. ವೃಷಭೇಂದ್ರಪ್ಪ ಏನು ಹೇಳಿದ?

“ಬಂದೆ. ಮಂಗಳಾರತಿ ತಗೊಂಡು ಬಂದ್ಬಿಟ್ಟೆ.”

ಕಣ್ಣು ಮುಚ್ಚಿದ. ಕೈ ಮುಗಿದ. ತುಟಿ ಅಲ್ಲಾಡಿಸಿದ. ಏನು ಬೇಡಿಕೊಂಡ ಗೊತ್ತೇ? “ಗವಿಮಲ್ಲಪ್ಪ, ನನ್ನ ಹೆಂಡತಿಗೆ ಏನೂ ಆಗದಿರಲಿ.” ಎಂಥ ಭಕ್ತಿ! ಹೆಂಡತಿ ಕೆಳಗೆ ಉಸಿರಿಗೆ ಒದ್ದಾಡುತ್ತಿದ್ದಾಳೆ, ಇವನು ಮೇಲೆ ನಿಂತು ಅರ್ಜಿ ಹಾಕುತ್ತಿದ್ದಾನೆ. ಸ್ವಾಮಿ, ದೇವರು ಕೇಳದೆಯೇ ಕಾಲು ಕೊಟ್ಟು ಕಳಿಸಿದ್ದಾನೆ. ಅದನ್ನು ಬಳಸುವುದನ್ನೂ ಅವನೇ ಬಂದು ಮಾಡಬೇಕೇ?

ಗಂಟೆ ನಿಂತಿತು. ಕಣ್ಣು ಬಿಟ್ಟರೆ ಅರ್ಚಕರು ಆರತಿ ತಟ್ಟೆಯನ್ನು ಕೆಳಗಿಟ್ಟಿದ್ದಾರೆ.

“ಏನ್ರೀ ಯಜಮಾನ್ರೇ, ಇನ್ನೂ ಇಲ್ಲೇ ನಿಂತಿದ್ದೀರಲ್ಲ?”

“ಮಂಗಳಾರತಿ, ಅಯ್ನೋರೇ...”

“ಇವ್ನು ಕಲ್ಲು ಕಣ್ರೀ! ನಮ್ ತಾತನ್ ಕಾಲದಿಂದ ಇಲ್ಲೇ ಅವ್ನೆ, ಎಲ್ಲೂ ಹೋಗಲ್ಲ. ಆಯಮ್ಮ ಹೋಗ್ಬಿಟ್ಟಾರು, ನಡೀರಿ!”

ದೇವರನ್ನು ಅವನ ಎದುರಿಗೇ ಕಲ್ಲು ಎಂದ ಅರ್ಚಕರು ನಾನು ಕೇಳಿದ ಹಾಗೆ ಇವರೊಬ್ಬರೇ. ಗರ್ಭಗುಡಿಗೆ ಬೀಗವನ್ನೂ ಹಾಕದೆ, ಪಂಚೆ ಎತ್ತಿ ಕಟ್ಟಿ, ಅವರೇ ಮೊದಲು ಓಡಿದರು. ಆ ದಿನ ಮಂಗಳಾರತಿ ಅರ್ಧಕ್ಕೇ ನಿಂತಿತು. ಪ್ರಳಯವೇನೂ ಆಗಲಿಲ್ಲ.

ಮಂಟಪದಲ್ಲಿ ಸರ್ವಮಂಗಳಮ್ಮ ಒಬ್ಬ ಹೆಂಗಸಿನ ಎದೆಗೆ ಒರಗಿ ಕೂತಿದ್ದಳು. ಮುಖ ಬೂದಿಯ ಹಾಗೆ, ರವಿಕೆ ಬೆವರಿನಿಂದ ತೊಯ್ದು ತೊಪ್ಪೆ. ಒರಗಿಸಿಕೊಂಡಿದ್ದವಳ ಹೆಸರು ಫಿಲೋಮಿನಾ. ಹೌದು, ಫಿಲೋಮಿನಾ. ಗವಿಮಲ್ಲಪ್ಪನ ಬೆಟ್ಟಕ್ಕೆ ಫಿಲೋಮಿನಾ ಯಾಕೆ ಬಂದಳು ಎಂದು ಹುಬ್ಬೇರಿಸಬೇಡಿ, ಗಾಳಿ ಸೇವಿಸಲು ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಇವನು ಮೇಲೆ ಮೊಣಕೈ ಅಗಲಿಸಿ ನಿಂತಿದ್ದಷ್ಟು ಹೊತ್ತೂ ಆಕೆ ಇವನ ಹೆಂಡತಿಯ ನಾಡಿ ಹಿಡಿದು ಕೂತಿದ್ದಳು.

“ಇದು ಸುಸ್ತಲ್ಲ, ಹಾರ್ಟಿಂದೇ ಇರ್ಬೇಕು,” ಎಂದಳು ಫಿಲೋಮಿನಾ. “ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತಂತೆ, ಉಸಿರು ಕಟ್ಟುತ್ತಂತೆ. ಎಷ್ಟು ದಿನದಿಂದ ಸಾರ್?”

“ನನಗೇನೂ ಗೊತ್ತಿಲ್ವಲ್ಲ! ಏ ಮಂಗಳ, ಒಂದ್ ಮಾತು ಹೇಳ್ಬಾರ್ದಾ ನಂಗೆ?”

ಸರ್ವಮಂಗಳಮ್ಮ ಕಣ್ಣು ತೆರೆದಳು. ಒಂದೊಂದೇ ಮಾತನ್ನು ಹೆಕ್ಕಿ ಹೇಳಿದಳು.

“ಹೇಳಿದ್ದೆ. ಮಾರ್ಕೆಟ್ ಹತ್ರ ಹೇಳ್ದೆ. ನಾಗರತ್ನನ ಗೃಹಪ್ರವೇಶಕ್ಕೆ ಹೋಗ್ವಾಗ ಹೇಳ್ದೆ. ನಿಮ್ ಬೆನ್ನಿಗೆ ಹೇಳ್ದೆ. ನೀವು ಹ್ಞೂಂ ಅಂದ್ರಿ.”

ಅವನು ಆಕೆಯ ಎದುರು ಕುಕ್ಕರಿಸಿದ. ಆಕೆ ಮುಂದುವರಿಸಿದಳು.

“ಗೊತ್ತಿರೋ ದಾರಿ ಆದ್ರೆ ಓಡ್ತೀರ. ಗೈಡ್ ಇರ್ತಾರೆ, ಯಾರೂ ಮುಂದೆ ಹೋಗೋ ಹಾಗಿಲ್ಲ ಅಂದ್ರು. ಒಂದ್ ದಿನನಾದ್ರೂ ಪಕ್ಕದಲ್ಲಿ ನಡೀತೀರ, ಆಗ ಹೇಳೋಣ ಅಂತಿದ್ದೆ.”

ಅಮ್ಮಂದಿರೇ, ನಿಮ್ಮಲ್ಲಿ ಯಾರೋ ಮೂಗು ಒರೆಸಿಕೊಳ್ಳುತ್ತಿದ್ದೀರಿ, ಕಾಣುತ್ತಿದೆ. ಆಕೆ ದೇವರನ್ನು ನೋಡಲು ಬೆಟ್ಟಕ್ಕೆ ಬಂದವಳಲ್ಲ. ಎದೆನೋವು ಇಟ್ಟುಕೊಂಡು ಬೆಟ್ಟ ಹತ್ತಲು ಹೊರಟಿದ್ದು ಗಂಡನ ಕಿವಿ ಸಿಗಲಿ ಎಂದು.

ಆಂಬುಲೆನ್ಸು ಬುಡದ ತನಕ ಮಾತ್ರ ಬರುತ್ತದೆ. ಆಕೆಯನ್ನು ನಡೆಸಕೂಡದು ಎಂದಳು ಫಿಲೋಮಿನಾ. ಮಜ್ಜಿಗೆ ಅಂಗಡಿಯ ಕಬ್ಬಿಣದ ಕುರ್ಚಿ ತಂದು, ಅರ್ಚಕರ ಶಲ್ಯದಿಂದ ಆಕೆಯನ್ನು ಅದಕ್ಕೆ ಬಿಗಿದು ಕಟ್ಟಿದರು. ಕುರ್ಚಿಗೆ ನಾಲ್ಕು ಕಾಲು. ಲೋಹಿತ್ ಒಂದು ಹಿಡಿದ, ಅರ್ಚಕರು ಒಂದು, ಮಜ್ಜಿಗೆಯವನು ಒಂದು. ನಾಲ್ಕನೆಯದು ವೃಷಭೇಂದ್ರಪ್ಪನಿಗೆ.

ಇಳಿಯಲು ಶುರು ಮಾಡಿದರು. ಅವನ ಕಾಲು ಅವನ ಮಾತು ಕೇಳಬೇಕಲ್ಲ? ಸರಸರನೆ ಮುಂದೆ ಹೋದ. ಕುರ್ಚಿ ವಾಲಿತು. ಸರ್ವಮಂಗಳಮ್ಮ ಹಳ್ಳದ ಕಡೆಗೆ ಜಾರಿದಳು. ಶಲ್ಯ ಹಿಡಿದು ಉಳಿಸಿತು.

“ನಿಧಾನ ಕಣ್ರೀ, ಕೊಂದ್ಬಿಡ್ತೀರಾ!” ಎಂದು ಚೀರಿದಳು ಫಿಲೋಮಿನಾ.

“ಎಲ್ರೂ ಒಟ್ಟಿಗೆ ಸಾರ್. ನಾನು ಎಡ ಅಂದ್ರೆ ಎಡ, ಬಲ ಅಂದ್ರೆ ಬಲ,” ಎಂದ ಲೋಹಿತ್.

ಎಡ. ಬಲ. ಎಡ. ಬಲ. ಮತ್ತೊಮ್ಮೆ ತಪ್ಪಿದ, ಮತ್ತೆ ವಾಲಿತು. ಅವನ ಕಣ್ಣಲ್ಲಿ ನೀರು ಬಂತು. ಉಸಿರು ಬಿಗಿಹಿಡಿದು, ಕೂಸು ನಡಿಗೆ ಕಲಿಯುವ ಹಾಗೆ ತನ್ನ ಪಾದ ನೋಡಿಕೊಂಡು ನಡೆದ, ಅರ್ಚಕರ ಪಾದ ನೋಡಿಕೊಂಡು ನಡೆದ. ಮುಂದೆ ಹೋದರೆ ಹೆಂಡತಿ ಬೀಳುತ್ತಾಳೆ, ಹಿಂದೆ ಉಳಿದರೂ ಬೀಳುತ್ತಾಳೆ. ಜೊತೆಯಲ್ಲಿ ನಡೆದರೆ ಮಾತ್ರ ಬದುಕುತ್ತಾಳೆ. ಇದಕ್ಕಿಂತ ದೊಡ್ಡ ವೇದಾಂತ ನನ್ನ ಹತ್ತಿರ ಇಲ್ಲ, ಇದ್ದರೂ ನಿಮಗೆ ನಿದ್ದೆ ಬರುತ್ತದೆ.

ದಾರಿಯಲ್ಲಿ ಆಕೆ ಏನೋ ಗೊಣಗಿದಳು. “ಏನಂದೆ?” ಎಂದು ಕಿವಿ ಹತ್ತಿರ ತಂದ.

“ಉಸಿರು ಬಿಡ್ರೀ, ನಿಮ್ಗೂ ಏನಾದ್ರೂ ಆದಾತು,” ಎಂದಳು. ಅಷ್ಟು ನೋವಿನಲ್ಲೂ.

ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳ ಕಟ್ಟಿದೆ ಎಂದರು, ಆಗಲೇ ಬಿಡಿಸಿದರು. ತಂದದ್ದು ಒಳ್ಳೆಯದಾಯಿತು, ಇನ್ನೂ ತಡಮಾಡಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಆಕೆ ಉಳಿದಳು. ಉಳಿಸಿದ್ದು ಗವಿಮಲ್ಲಪ್ಪನೋ ಫಿಲೋಮಿನಾಳೋ ಎಂದು ಜಗಳ ತೆಗೆಯಬೇಡಿ, ಅವರಿಬ್ಬರೂ ಈ ವಿಷಯಕ್ಕೆ ಜಗಳವಾಡಿಲ್ಲ.

ವಾರ್ಡಿಗೆ ಬಂದ ಮೇಲೆ ಸರ್ವಮಂಗಳಮ್ಮ ಕೇಳಿದಳು: “ನಾನಂತೂ ನೋಡ್ಲಿಲ್ಲ. ಎಲ್ರಿಗಿಂತ ಮೊದ್ಲು ಹೋಗಿ ನೋಡಿದ್ರಲ್ಲ, ಹೇಗಿದ್ದ ದೇವ್ರು?”

ವೃಷಭೇಂದ್ರಪ್ಪ ಯೋಚಿಸಿದ. ಬೆಳ್ಳಿಯ ಮುಖವಾಡವಿತ್ತೇ? ಕಣ್ಣು ದೊಡ್ಡದೋ ಸಣ್ಣದೋ? ಹಾರ ಯಾವ ಹೂವಿನದು? ಹೊಸ್ತಿಲಿಗೆ ಮೂಗು ತಾಗಿಸಿ ನಿಂತವನಿಗೆ ಒಂದೂ ನೆನಪಿಗೆ ಬರಲಿಲ್ಲ.

“ನೋಡ್ಲಿಲ್ಲ ಕಣೇ,” ಎಂದ.

ಆಕೆ ನಕ್ಕಳು. ನಗಬಾರದು ಎಂದು ನರ್ಸು ಬೈದರೂ ನಕ್ಕಳು.

ಆಮೇಲೆ ಅವನು ಸಂತನಾದನೇ? ಇಲ್ಲ. ಸಂಜೆ ಇಬ್ಬರೂ ಪಾರ್ಕಿನಲ್ಲಿ ನಡೆಯುತ್ತಾರೆ. ಈಗಲೂ ಕಾಲು ಮುಂದೆ ಓಡುತ್ತದೆ. ಓಡಿದ್ದು ಗೊತ್ತಾದ ಕೂಡಲೇ ನಿಲ್ಲುತ್ತಾನೆ, ನಾಚಿಕೊಂಡು ವಾಪಸು ಬರುತ್ತಾನೆ. ಆಕೆ ಅರ್ಧದಲ್ಲಿ ಬಿಟ್ಟ ಮಾತನ್ನು ಮೊದಲಿನಿಂದ ಹೇಳುತ್ತಾಳೆ. ಎಷ್ಟೋ ವರ್ಷದ ಮಾತು ಬಾಕಿ ಇದೆಯಂತೆ, ಅವನಿಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಕಥೆ ಮುಗಿಯಿತು. ಅವನ ಕಥೆ ಮುಗಿಯಿತು, ನಿಮ್ಮದು ಉಳಿದಿದೆ. “ಅಯ್ಯೋ, ಎಂಥ ಗಂಡಸು!” ಎಂದು ಬೈದುಕೊಂಡಿರಲ್ಲ ಇಷ್ಟು ಹೊತ್ತು? ನಿನ್ನೆ ನಿಮ್ಮ ಮನೆಯಲ್ಲಿ ಯಾರೋ ನಿಮ್ಮ ಬೆನ್ನಿಗೆ ಏನೋ ಹೇಳಿದರು. ಏನದು? ನೆನಪಿದೆಯೇ? ನೀವು ಫೋನು ನೋಡುತ್ತಾ ಹ್ಞೂಂ ಎಂದಿರಿ. ಅಮ್ಮಂದಿರೇ, ನೀವು ಗೆದ್ದೆವೆಂದು ಬೀಗಬೇಡಿ. ಅತ್ತೆ ಮಾತಾಡುವಾಗ ಒಗ್ಗರಣೆಯ ಸದ್ದು ಜೋರು ಮಾಡುವವರು ಯಾರೆಂದು ನನಗೆ ಗೊತ್ತು. ಒಂದೇ ಕೆಲಸ ಮಾಡಿ. ಯಾರಾದರೂ ಕರೆದರೆ ತಿರುಗಿ. ಕತ್ತು ಮಾತ್ರವಲ್ಲ, ಇಡೀ ಮೈ ತಿರುಗಿಸಿ, ಮುಖ ನೋಡಿ, ಆಮೇಲೆ ಹ್ಞೂಂ ಎನ್ನಿ. ರಸ್ತೆಯಲ್ಲಿ ನಡೆದರೆ ಮನೆಯಲ್ಲಿ ಯಾರು ನಿಧಾನವೋ ಅವರ ಪಕ್ಕದಲ್ಲಿ ನಡೆಯಿರಿ. ದೇವಸ್ಥಾನಕ್ಕೆ ಐದು ನಿಮಿಷ ತಡವಾಗಿ ಹೋದರೆ ದೇವರು ಬಾಗಿಲು ಹಾಕಿಕೊಂಡು ಅಳುವುದಿಲ್ಲ. ಇದನ್ನೆಲ್ಲ ಇಷ್ಟು ಧೈರ್ಯವಾಗಿ ಹೇಳುತ್ತೀರಲ್ಲ ಸ್ವಾಮಿಗಳೇ ಎನ್ನುತ್ತೀರಿ. ಸನ್ಯಾಸಿ ನಾನು, ಮನೆಗೆ ಹೋಗಿ ಬೈಸಿಕೊಳ್ಳುವ ಭಯವಿಲ್ಲ.

ಸರಿ, ಪ್ರಸಾದಕ್ಕೆ ಏಳಿ. ಬಿಸಿಬೇಳೆಬಾತು ಆರಿದರೆ ಆರಲಿ. ಮೂರನೆಯ ಸಾಲಿನಲ್ಲಿದ್ದ ನೀಲಿ ಅಂಗಿಯವರೇ! ಆಗಲೇ ಬಾಗಿಲ ಹತ್ತಿರ ಹೋಗಿಬಿಟ್ಟಿರಲ್ಲ. ನಿಲ್ಲಿ ಸ್ವಾಮಿ. ನಿಮ್ಮ ಮನೆಯವರು ಕಂಬ ಹಿಡಿದುಕೊಂಡು ಏಳುವುದಕ್ಕೆ ನೋಡುತ್ತಿದ್ದಾರೆ, ಮಂಡಿ ಬಿಡುತ್ತಿಲ್ಲ. ವಾಪಸು ಬನ್ನಿ. ಬನ್ನಿ, ಯಾರೂ ನಗುವುದಿಲ್ಲ. ಕೈ ಕೊಡಿ ಅವರಿಗೆ. ಹಾಂ, ಹಾಗೆ.