ಭರಣಿಯ ಮೇಲಿನ ಮರ

ವೇದಿಕೆಯ ಮೇಲಿರುವ ಗ್ರಾಮ ಸಮಿತಿಯ ಅಧ್ಯಕ್ಷರಾದ ಕುವಾಂಗ್ ಅವರೇ, ಲಿಯಾವೋನಿಂಗ್ ಪ್ರಾಂತ್ಯದ ಕಲ್ಲುಗಳನ್ನೆಲ್ಲ ತಟ್ಟಿ ಮಾತಾಡಿಸಿರುವ ಪ್ರೊಫೆಸರ್ ತಾಂಗ್ ಅವರೇ, ಮುಂದಿನ ಸಾಲಿನಲ್ಲಿ ಎದೆಗೆ ಕೆಂಪು ಹೂ ಸಿಕ್ಕಿಸಿಕೊಂಡು ಕುಳಿತಿರುವ ನನ್ನ ಅತ್ತೆ ಗ್ವೇಯ್‌ಝೆನ್ ಅವರೇ, ಈ ಚಳಿಯಲ್ಲೂ ಮನೆಯಲ್ಲಿ ಒಲೆಯ ಶಾಖಕ್ಕೆ ಬೆಚ್ಚಗಿರುವ ಮಲಗುವ ಕಟ್ಟೆ ಬಿಟ್ಟು ಬಂದಿರುವ ಸಭಿಕರೇ,

ನಮ್ಮೂರಿನ ಪಳೆಯುಳಿಕೆ ಭವನ ಇಂದು ಬಾಗಿಲು ತೆರೆಯುತ್ತಿದೆ. ಅದಕ್ಕೆ ಮೊದಲ ಕಾಣಿಕೆ ಕೊಡುತ್ತಿರುವ ಅತ್ತೆಯವರ ಬಗ್ಗೆ ನಾಲ್ಕು ಮಾತಾಡಬೇಕೆಂದು ಅಧ್ಯಕ್ಷರು ಹೇಳಿದ್ದಾರೆ. ಅತ್ತೆಯ ಬಗ್ಗೆ ಮಾತಾಡಲು ಸೊಸೆಯನ್ನು ನಿಲ್ಲಿಸಿದರೆ ಅದು ನಾಲ್ಕಕ್ಕೆ ಮುಗಿಯುತ್ತದೆಯೇ?

ಅವರು ಕೊಡುತ್ತಿರುವ ಆ ಕಲ್ಲನ್ನು ನೀವೆಲ್ಲ ಕಂಡಿದ್ದೀರಿ. ಹಿಮ ಬೀಳುವ ಮುಂಚೆ ಯಾರ ಮನೆಯಲ್ಲಿ ಕೋಸು ಹುಳಿಯಾಗಲು ಉಪ್ಪುನೀರಿನ ಭರಣಿಗೆ ಇಳಿಯುವುದಿಲ್ಲ? ಯಾರ ಮನೆಯಲ್ಲಿ ಅದನ್ನು ಅದುಮಲು ಒಂದು ಕಲ್ಲಿಲ್ಲ? ಕಲ್ಲು ಸರಿಯಾಗಿ ಕೂರದಿದ್ದರೆ ಕೋಸು ಮೇಲೆದ್ದು ಕೊಳೆಯುತ್ತದೆ, ಚಳಿಗಾಲವೆಲ್ಲ ಬರೀ ಗಂಜಿ. ನಮ್ಮ ಕಲ್ಲನ್ನು ಅತ್ತೆಯವರು ಮದುವೆಯಾದ ಹೊಸತರಲ್ಲಿ ಹೊಳೆಯಿಂದ ಹೊತ್ತು ತಂದರಂತೆ. ನಾನು ಶಾನ್‌ಡಾಂಗ್‌ನಿಂದ ಸೊಸೆಯಾಗಿ ಬಂದ ವರ್ಷ ಅದನ್ನು ಎತ್ತಲು ಹೋದೆ.

“ಏಯ್, ಕೈ ತೆಗಿ. ಕಲ್ಲು ನಾನಿಡ್ತೀನಿ. ನೀನು ಕೋಸು ತೊಳಿ,” ಅಂದರು.

ತೊಳೆದೆ. ಮರುವರ್ಷವೂ ತೊಳೆದೆ. ಮಗಳು ಕಾಲೇಜಿಗೆ ಹೋದ ವರ್ಷವೂ ತೊಳೆಯುತ್ತಲೇ ಇದ್ದೆ. ಇದನ್ನು ದೂರೆಂದು ತಿಳಿಯಬೇಡಿ. ನನ್ನ ಕೈ ಎಷ್ಟು ಸ್ವಚ್ಛವಾಗಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಕಳೆದ ಚಳಿಗಾಲದ ಕೊನೆಗೆ ಪ್ರೊಫೆಸರ್ ನಮ್ಮಲ್ಲಿ ಊಟಕ್ಕೆ ಬಂದರು. ಹುಳಿಕೋಸಿನ ಹಂದಿಮಾಂಸದ ಸಾರು ಆರುತ್ತಿದ್ದರೂ ಅವರು ಭರಣಿಯ ಮೇಲೆಯೇ ಬಗ್ಗಿದ್ದರು. ಕಲ್ಲಿನ ಚೂರೊಂದನ್ನು ಒಯ್ದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದೊಂದಿಗೆ ಮರಳಿ ಬಂದರು. ಅದು ಕಲ್ಲಾದ ಮರ. ಹದಿನಾರು ಕೋಟಿ ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಬೆಳೆದದ್ದು. ಅದರ ಕುಲದ ಒಂದು ಸಸಿಯೂ ಇಂದು ಭೂಮಿಯ ಮೇಲಿಲ್ಲ. ಎಲೆ ಹೇಗಿತ್ತೆಂದು ಖಚಿತವಾಗಿ ಯಾರೂ ಹೇಳಲಾರರು, ಕಟ್ಟಿಗೆಯಿಂದಲೇ ಅದರ ಗುರುತು. ವಿದ್ವಾಂಸರು ಅದಕ್ಕೆ ಕ್ಸೆನಾಕ್ಸಿಲಾನ್, ಅಂದರೆ ಅಪರಿಚಿತ ಮರ ಎಂದು ಹೆಸರಿಟ್ಟಿದ್ದಾರೆ. ಹೊರಗಿನಿಂದ ಬಂದವಳಾದ ನನಗೆ ಆ ಹೆಸರು ಕೇಳಿದ ಕೂಡಲೇ ಹಿಡಿಸಿತು.

ಅತ್ತೆಯವರು ಒಂದು ಕಣ್ಣು ಮುಚ್ಚಿ ನೋಡಿದರು. “ಈ ಗೆರೆಗಳು ಯಾಕಪ್ಪ ಇಷ್ಟು ಒತ್ತೊತ್ತಾಗಿವೆ?”

“ವರ್ಷಕ್ಕೊಂದು ಗೆರೆ ಅಜ್ಜಿ. ಆ ವರ್ಷಗಳಲ್ಲಿ ಚಳಿ ಜಾಸ್ತಿ ಇತ್ತೇನೋ. ಬೆಳೆಯೋದು ಕಷ್ಟ ಆಗಿದೆ.”

“ಆದ್ರೂ ಬೆಳೆದಿದೆಯಲ್ಲ.”

ಆ ಸಂಜೆಯೇ ಕಲ್ಲನ್ನು ಭವನಕ್ಕೆ ಕೊಡುವುದಾಗಿ ಹೇಳಿಬಿಟ್ಟರು. ಎಂಥ ದೊಡ್ಡ ಮನಸ್ಸು! ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ; ಒಮ್ಮೆಯೂ ನಾನಿಡದ ಕಲ್ಲು ಅದು.

ಕಳೆದ ವಾರ ಈ ವರ್ಷದ ಕೋಸು ಭರಣಿಗೆ ಇಳಿಯಿತು. ಅತ್ತೆಯವರು ಕಲ್ಲಿಗೆ ಕೈ ಹಾಕಿದರು. ಅರ್ಧ ಎತ್ತಿದ ಕಲ್ಲನ್ನು ಕೆಳಗಿಟ್ಟು, ನನ್ನ ಕಡೆ ನೋಡದೆ, “ಬಾರೇ, ನೀನಿಡು,” ಅಂದರು. ಇಟ್ಟೆ. “ಸ್ವಲ್ಪ ಎಡಕ್ಕೆ,” ಅಂದರು. ಸರಿಸಿದೆ. “ಹ್ಞೂಂ, ಕೂತ್ಕೊಳ್ತು,” ಅಂದರು. ಅಷ್ಟೇ.

ಅಧ್ಯಕ್ಷರೇ, ಮೇಜಿನ ಮೇಲಿನ ಆ ಕೆಂಪು ಬಟ್ಟೆ ಸರಿಸುವ ಮುಂಚೆ ಒಂದು ಮಾತು. ಅದರ ಕೆಳಗಿರುವುದು ಕುಂಬಳಕಾಯಿ. ಕಲ್ಲು ತಾ, ಭರಣಿಗೆ ಬೇರೊಂದು ಇಟ್ಟರಾಯಿತು ಎಂದು ಅತ್ತೆಯವರು ಬೆಳಿಗ್ಗೆ ಕಳಿಸಿದ್ದರು. ಭರಣಿಯ ತನಕ ಹೋದೆ, ಎತ್ತಲು ಮನಸ್ಸು ಬರಲಿಲ್ಲ. ಪ್ರೊಫೆಸರೇ, ಹದಿನಾರು ಕೋಟಿ ವರ್ಷ ಕಾದಿರುವ ಮರ, ಇನ್ನೊಂದು ಚಳಿಗಾಲ ಕಾಯಲಾರದೇ? ನಾನಿಟ್ಟ ಕೋಸು ಹುಳಿಯಾಗಲಿ, ಅತ್ತೆಯವರು ರುಚಿ ನೋಡಲಿ. ವಸಂತಕ್ಕೆ ಕಲ್ಲನ್ನು ತೊಳೆದು ನಾನೇ ತಂದೊಪ್ಪಿಸುತ್ತೇನೆ. ತೊಳೆಯುವುದು ನನಗೆ ಚೆನ್ನಾಗಿ ಬರುತ್ತದೆ.

ಅತ್ತೆಯವರು ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. ಭುಜ ಅಲುಗುತ್ತಿದೆ. ನಗುತ್ತಿದ್ದಾರೆಂದೇ ತಿಳಿದುಕೊಳ್ಳುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಕುಂಬಳಕಾಯಿ ಭವನಕ್ಕೇ ಇರಲಿ. ನಮಸ್ಕಾರ.